ಬಿಳಿ ಚೀಟಿಯ ಬೋನುಗಳು

"ಮಿಸ್, ಬಿಳಿ ಚೀಟಿ ಇಲಿಗಳ ಬಾಲ ಜೋತುಬಿದ್ದಿದೆ."

ಫೋನಿನಲ್ಲಿ ಮಹತಿಯ ದನಿ ಗುರುತು ಸಿಗದಷ್ಟು ಸಣ್ಣಗಾಗಿತ್ತು. ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನಲ್ಲಿ ಬೆಳಗಿನ ಪ್ರಾರ್ಥನೆ ಆಗತಾನೆ ಮುಗಿದಿತ್ತು. ನಾನು ವರಾಂಡದ ಮೂಲೆಗೆ ಸರಿದು ನಿಂತೆ.

"ಬಿಳಿ ಚೀಟಿಯವಕ್ಕೆ ರೋಗ ಬರೋ ಹಾಗೇ ಇಲ್ವಲ್ಲೇ?"

"ಬರಬಾರದು ಮಿಸ್. ಆದ್ರೆ ಒಂದು ಆಗಲೇ ಹಿಂಗಾಲು ಎಳೀತಿದೆ. ಅವತ್ತು ಇಲಿಗಳಿಗೆ ಚುಚ್ಚೋವಾಗ ನನ್ನ ಬೆರಳಿಗೆ ಚುಚ್ಚಿಕೊಂಡಿತಲ್ಲ — ಅದು ಬಿಳಿ ಚೀಟಿ ಸಿರಿಂಜು."

ಮಹತಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಾಯಿ ಸಾವಿತ್ರಮ್ಮ ಆಗ ನಮ್ಮ ಊರಿನಲ್ಲೇ ಪ್ರೈಮರಿ ಶಾಲೆಯ ಟೀಚರ್. ಈಗ ತಾಯಿ ಮಗಳು ಇಬ್ಬರೂ ಚಿಂತಾಮಣಿಯಲ್ಲಿದ್ದಾರೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಖಾಸಗಿ ಪ್ರಯೋಗಾಲಯವಿದೆ. ಮಹತಿಗೆ ಅಲ್ಲಿ ಕೆಲಸ. ಅದರ ಪ್ರಾಣಿ ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಸಮಿತಿಯಲ್ಲಿ ಹೊರಗಿನವರೂ ಇರಬೇಕೆಂಬ ನಿಯಮವಿದೆ. ಹಾಗೆ ಸೇರಿದವಳು ನಾನು, ಭಾನುಪ್ರಿಯಾ. ಇನ್ನೊಬ್ಬರು ಜಂಗಮಕೋಟೆಯ ನಿವೃತ್ತ ಪಶುವೈದ್ಯ ಡಾಕ್ಟರ್ ಯೋಗನರಸಿಂಹ.

ಅವರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಇಲಿಗಳನ್ನ ಯಾರೂ ಮುಟ್ಟಬಾರದು ಅಂತ ಹೇಳಮ್ಮ," ಎಂದರು. "ಕಾರು ತಗೊಂಡು ಬರ್ತೀನಿ. ರೆಡಿಯಾಗಿರು."

ದಾರಿಯಲ್ಲಿ ನಾನು ಕೇಳಿದೆ, "ಸಮಿತಿಯಲ್ಲಿ ಅರ್ಥವಾದಂತೆ ತಲೆ ಆಡಿಸಿದ್ದೆ. ಇನ್ನೊಂದು ಸಾರಿ ಹೇಳಿ ಸರ್ — ಆ ಇಲಿಗಳಿಗೆ ಏನು ಮಾಡ್ತಾರೆ?"

"ಮನುಷ್ಯರಿಗೆ ಒಂದು ಕಾಯಿಲೆ ಬರುತ್ತೆ. ಮೈಯನ್ನ ಕಾಯಬೇಕಾದ ಕಣಗಳೇ ತಿರುಗಿ ಮಿದುಳು, ಬೆನ್ನುಹುರಿ ಮೇಲೆ ಬೀಳ್ತವೆ. ಅದಕ್ಕೆ ಔಷಧಿ ಹುಡುಕೋಕೆ ಅದೇ ಥರದ ಕಾಯಿಲೆನ ಇಲಿಗೆ ಬರಿಸ್ತಾರೆ. ಬೆನ್ನುಹುರಿಯ ಸಾರ ತೆಗೆದು ಚುಚ್ತಾರೆ. ಬರೀ ಅದನ್ನ ಚುಚ್ಚಿದ್ರೆ ಏನಾಗುತ್ತೆ ಹೇಳು?"

"ಕಾಯಿಲೆ ಬರುತ್ತೆ?"

"ಇಲ್ಲ. ದೇಹ ತಿರುಗಿಯೂ ನೋಡಲ್ಲ. ಎಣ್ಣೇಲಿ ಕಲಸಿ ಚುಚ್ಚಿದ್ರೂ ಸಾಮಾನ್ಯವಾಗಿ ಬರಲ್ಲ. ಅದೇ ಎಣ್ಣೆಗೆ ಸತ್ತ ಟೀಬಿ ರೋಗಾಣು ಸೇರಿಸಿಬಿಟ್ರೆ ದೇಹ ದಡಕ್ಕನೆ ಎದ್ದು ನಿಲ್ಲುತ್ತೆ. ಟೀಬಿ ಪಕ್ಕದಲ್ಲಿ ಕಂಡ ಬೆನ್ನುಹುರಿಯ ಸಾರವನ್ನೂ ಶತ್ರು ಅಂತ ಗುರುತು ಇಟ್ಕೊಳ್ಳುತ್ತೆ. ಎರಡನೇ ವಾರಕ್ಕೆ ಬಾಲ ಬೀಳುತ್ತೆ, ಆಮೇಲೆ ಹಿಂಗಾಲು. ಹಾಗೆ ಎಬ್ಬಿಸೋ ವಸ್ತುವಿಗೆ ಅಡ್ಜುವೆಂಟ್ ಅಂತಾರೆ. ಕಾಯಿಲೆ ಬರುತ್ತೋ ಇಲ್ಲವೋ ಅನ್ನೋದು ಅದರ ಮೇಲೇ ನಿಂತಿದೆ."

 

ಪ್ರಯೋಗಾಲಯದ ಗೇಟಿನಲ್ಲೇ ನಿರ್ದೇಶಕ ಗಣೇಶ್ ಪ್ರಸಾದ್ ಎದುರಾದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು.

"ನೀವು ಬರೋ ಅವಶ್ಯಕತೆ ಇರಲಿಲ್ಲ ಡಾಕ್ಟ್ರೇ. ಇದು ಇನ್ಫೆಕ್ಷನ್. ನಾಳೆ ಗ್ಯಾಸ್ ಸಿಲಿಂಡರ್ ಬರುತ್ತೆ. ಎಲ್ಲಾ ಇಲಿಗಳನ್ನೂ ಮುಗಿಸಿ, ಸುಟ್ಟು, ರೂಮು ತೊಳೆಸಿಬಿಡ್ತೀನಿ."

"ಎಲ್ಲಾ ಇಲಿಗಳನ್ನ?"

"ಊರಿಗೆ ಸುದ್ದಿ ಹಬ್ಬೋದ್ರೊಳಗೆ. ಆಗಲೇ ಮುನಿಗಂಗಪ್ಪ ಹೆದರ್ಕೊಂಡು ನಗರಗೆರೆಗೆ ಓಡಿಹೋಗಿದ್ದ, ಬೈದು ಕರೆಸಿದೀನಿ. ನನ್ನ ಕೇಳಿದ್ರೆ ಬೋನು ತೊಳೆಯೋವಾಗ ಅವನೇ ಇಲಿಗಳನ್ನ ಅದಲುಬದಲು ಮಾಡಿದಾನೆ. ಇಲ್ಲ, ಹೊರಗಿನಿಂದ ರೋಗ ತಂದಿದಾನೆ."

ಮುನಿಗಂಗಪ್ಪ ಇಲಿಗಳನ್ನು ನೋಡಿಕೊಳ್ಳುವವನು. ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ. ಯೋಗನರಸಿಂಹ ಅವನಿಗೆ ತಿಳಿಯುವ ತೆಲುಗಿನಲ್ಲೇ ಕೇಳಿದರು, "ಏಮಪ್ಪಾ, ಎಂದುಕು ಪಾರಿಪೋಯಾವ್?"

ಯಾಕೆ ಓಡಿಹೋದೆ ಎಂಬ ಪ್ರಶ್ನೆಗೆ ಅವನು ಕನ್ನಡದಲ್ಲೇ ಹೇಳಿದ, "ಮನೇಲಿ ಎಳೇ ಮಗು ಅದೆ ಸಾಮಿ. ಆ ಇಲಿ ಕಾಲು ಎಳೆಯಾದು ನೋಡ್ದೆ. ನನ್ನ ಕೈಯಿಂದ ಮಗೂಗೆ ಅಂಟಿದ್ರೆ? ನಾನ್ಯಾವ ಇಲೀನೂ ಬದಲಾಯಿಸಿಲ್ಲ."

ಇಲಿಗಳ ಕೋಣೆಯಲ್ಲಿ ಡಾಕ್ಟರ್ ಮುರಳಿಮೋಹನ್ ಇದ್ದರು. ಪ್ರಯೋಗ ಅವರದು, ಪರೀಕ್ಷೆಗಿದ್ದ ಔಷಧಿಯೂ ಅವರದೇ. ಯಾವಾಗಲೂ ಮೃದುವಾಗಿ ಮಾತಾಡುವ ಮನುಷ್ಯ. ಸಮಿತಿಯ ಸಭೆಯಲ್ಲಿ ನಮಗೆಲ್ಲ ಹಿಡಿಸಿದ್ದೂ ಅದಕ್ಕೇ. ರೋಗ ಬರದ ಬಿಳಿ ಚೀಟಿಯ ಇಲಿಗಳನ್ನು ಸುಮ್ಮನೆ ಬೋನಿನಲ್ಲಿ ಕೊಳೆಹಾಕುವುದು ಬೇಡ, ಮೊದಲ ವಾರ ಕಳೆಯುತ್ತಲೇ ನೋವಿಲ್ಲದಂತೆ ಮುಗಿಸಿಬಿಡೋಣ ಎಂದು ಕೇಳಿದವರು ಅವರೇ. ನಾವು ಒಪ್ಪಿದ್ದೆವು. ಗ್ಯಾಸ್ ಬೆಂಗಳೂರಿನಿಂದ ಬರುವುದು ತಡವಾಗಿ ಅವು ಇನ್ನೂ ಬದುಕಿದ್ದವು.

ಮುರಳಿಮೋಹನ್ ಮೂರು ಸಾಲು ಬೋನುಗಳನ್ನು ತೋರಿಸಿದರು.

"ಕೆಂಪು ಚೀಟಿ — ಬೆನ್ನುಹುರಿಯ ಸಾರ, ಎಣ್ಣೆ, ಸತ್ತ ಟೀಬಿ ರೋಗಾಣು. ರೋಗ ಬರಬೇಕು, ಬಂದಿದೆ. ಹಸಿರು ಚೀಟಿ — ಅದೇ ಚುಚ್ಚುಮದ್ದು, ಜೊತೆಗೆ ದಿನಾ ನನ್ನ ಔಷಧಿ. ನೋಡಿ, ಒಂದಕ್ಕೂ ಏನೂ ಆಗಿಲ್ಲ. ಬಿಳಿ ಚೀಟಿ — ಸಾರ, ಬರೀ ಎಣ್ಣೆ. ಟೀಬಿ ರೋಗಾಣು ಇಲ್ಲ."

"ಆದ್ರೂ ಇವಕ್ಕೆ ರೋಗ ಬಂದಿದೆ. ಹೇಗೆ?"

"ಅದೇ ನನಗೂ ಅರ್ಥವಾಗ್ತಿಲ್ಲ ಸರ್. ಗಣೇಶ್ ಸರ್ ಹೇಳೋ ಹಾಗೆ ಇನ್ಫೆಕ್ಷನ್ ಇರಬಹುದು."

ನಾನು ಬಿಳಿ ಚೀಟಿಯ ಬೋನಿನೊಳಗೆ ಬಗ್ಗಿ ನೋಡಿದೆ. ಒಂದು ಇಲಿ ನೀರಿನ ನಳಿಗೆಯ ಕಡೆ ಹೊರಟಿತ್ತು. ಮುಂಗಾಲು ಊರುತ್ತದೆ, ಮೈ ಎಳೆಯುತ್ತದೆ. ಹಿಂಗಾಲೆರಡೂ ಬೇರೆ ಯಾರದೋ ಎನ್ನುವಂತೆ ಹಿಂದೆ ಬಿದ್ದಿವೆ. ನೀರು ಕೈಗೆಟುಕುವಷ್ಟು ಹತ್ತಿರವಿದ್ದರೂ ತಲುಪಲಾಗಲಿಲ್ಲ. ಅಲ್ಲೇ ನಿಂತು ನಮ್ಮನ್ನು ನೋಡಿತು. ನನ್ನ ಹಿಂದೆ ನಿಂತಿದ್ದ ಮಹತಿಯೂ ಅದನ್ನೇ ನೋಡುತ್ತಿದ್ದಳು.

ಅವಳ ಎಡಗೈ ತೋರುಬೆರಳು ಬ್ಯಾಂಡೇಜಿನಲ್ಲಿ ಊದಿ, ಗೆಣಸಿನಂತಾಗಿತ್ತು.

"ಇನ್ನೂ ವಾಸಿಯಾಗಿಲ್ವೇನಮ್ಮ?" ಯೋಗನರಸಿಂಹ ಕೇಳಿದರು.

"ಜಾಸ್ತಿ ಆಗ್ತಿದೆ ಸರ್. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದಾರೆ. ಎಣ್ಣೆ ತಾನೆ, ಕರಗುತ್ತೆ ಅಂದ್ರು."

"ಎಣ್ಣೆ ಅಂತ ಡಾಕ್ಟರಿಗೆ ಹೇಳಿದ್ದು ಯಾರು?"

"ಮುರಳಿ ಸರ್ ಕರ್ಕೊಂಡು ಹೋಗಿದ್ರು. ಅವರೇ ಹೇಳಿದ್ರು."

"ಸಿರಿಂಜುಗಳನ್ನ ತುಂಬಿಸಿದ್ದು?"

"ಎಲ್ಲಾ ಸಿರಿಂಜೂ ಮುರಳಿ ಸರ್ ಕಲಸಿ ತುಂಬಿಸಿಟ್ಟಿದ್ರು. ಚೀಟಿ ಅಂಟಿಸಿಯೇ ಇಟ್ಟಿದ್ರು. ಮೂರೂ ನೋಡೋಕೆ ಒಂದೇ ಥರ — ಬೆಣ್ಣೆ ಹಾಗೆ. ಚುಚ್ಚಿದ್ದು ನಾನು."

"ಗಣೇಶ್ ಪ್ರಸಾದ್ ಆಗ ಒಳಗಿದ್ರಾ?"

"ಬಂದು ಹೋದ್ರು. ಕಾರಿಡಾರಲ್ಲಿ ಮುನಿಗಂಗಪ್ಪನೂ ಇದ್ದ."

ಯೋಗನರಸಿಂಹ ಗ್ಲೌಸು ಹಾಕಿಕೊಂಡು ಒಂದೊಂದೇ ಇಲಿಯನ್ನು ಕೈಗೆ ತೆಗೆದುಕೊಂಡರು. ಕಿವಿಯಂಚಿನ ಗುರುತುಗಳನ್ನು ನೋಡಿದರು. ಸೂಜಿ ಹೋದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಬಿಳಿ ಚೀಟಿಯವುಗಳ ಹತ್ತಿರ ಹೆಚ್ಚು ಹೊತ್ತು ನಿಂತರು. ಮುಖದಲ್ಲಿ ಏನೂ ಕಾಣಲಿಲ್ಲ.

ಆಮೇಲೆ ತಮ್ಮ ಹಳೆಯ ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದರು. ಮೂರೂ ಬಣ್ಣದ ಇಲಿಗಳ ಪಕ್ಕೆಯ ಕೂದಲನ್ನು ಸ್ವಲ್ಪ ಬೋಳಿಸಿ, ಚರ್ಮದೊಳಕ್ಕೆ ಒಂದೊಂದು ಹನಿ ಚುಚ್ಚಿದರು.

"ಏನು ಸರ್ ಅದು?" ಮುರಳಿಮೋಹನ್ ಕೇಳಿದರು.

"ದನಕ್ಕೆ ಹಾಕೋದು ಕಣಪ್ಪ."

ಗಣೇಶ್ ಪ್ರಸಾದ್ ಮುಂದೆ ಬಂದರು. "ನಾಳೆ ಸಾಯೋ ಇಲಿಗಳಿಗೆ ಯಾಕೆ ಇದೆಲ್ಲ?"

"ನಾಳೆ ಸಾಯಲ್ಲ. ಸಮಿತಿ ಪರವಾಗಿ ನಾವಿಬ್ಬರೂ ತಡೀತಿದೀವಿ. ನಾನು ವಾಪಸ್ ಬಂದು ನೋಡೋವರೆಗೂ ಈ ಕೋಣೆಗೆ ಬೀಗ. ನೀರು, ಆಹಾರ ನನ್ನ ಕಾಂಪೌಂಡರ್ ಬಂದು ಹಾಕ್ತಾನೆ. ಕೀ ಅವನ ಹತ್ತಿರ, ನನ್ನ ಹತ್ತಿರ ಮಾತ್ರ ಇರುತ್ತೆ."

"ರೋಗ ಹೊರಗೆ ಹೋದ್ರೆ?"

"ಹೋದ್ರೆ ನನ್ನ ತಲೆ ಮೇಲೆ."

ಗಣೇಶ್ ಪ್ರಸಾದ್ ಬಿರಬಿರನೆ ಹೊರಗೆ ಹೋದರು. ಮುರಳಿಮೋಹನ್ ಹೋಗಲಿಲ್ಲ. ಮಹತಿಯ ಹತ್ತಿರ ಬಂದು, "ನೀನು ಮನೆಗೆ ಹೋಗಿ ರೆಸ್ಟ್ ತಗೊಮ್ಮ. ಸಂಜೆ ಬಂದು ನೋಡ್ತೀನಿ," ಎಂದರು. ಒಳ್ಳೆಯವರು ಎಂದುಕೊಂಡೆ.

ಅವಳನ್ನು ನಾವೇ ಕಾರಿನಲ್ಲಿ ಚಿಂತಾಮಣಿಗೆ ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತಿದ್ದಳು. ಕೈವಾರದ ಬಸ್ಸೊಂದು ಎದುರಿಗೆ ಬಂದು ಹಾರ್ನ್ ಹೊಡೆದಾಗ ಬೆಚ್ಚಿ ನನ್ನ ತೋಳು ಹಿಡಿದಳು. ಮತ್ತೆ ಬಿಡಲೇ ಇಲ್ಲ.

"ಮಿಸ್, ನನ್ನ ಕಾಲು ಜುಮ್ಮೆನ್ನುತ್ತೆ."

"ಯಾವಾಗಿಂದ?"

"ಇವತ್ತು ಬೆಳಗ್ಗೆ ಆ ಇಲಿ ನೋಡಿದ ಮೇಲಿಂದ. ಹೆದರಿಕೆಗೆ ಹಾಗೆ ಅನಿಸ್ತಿದೆಯೋ, ನಿಜವಾಗ್ಲೂ ಹಾಗೆ ಆಗ್ತಿದೆಯೋ ಗೊತ್ತಾಗ್ತಿಲ್ಲ. ಅದೇ ಕಷ್ಟ ಮಿಸ್."

ಮಕ್ಕಳಿಗೆ ನರಮಂಡಲದ ಪಾಠ ಮಾಡುವವಳು ನಾನು. ಚಿತ್ರ ಬರೆದು, ಮಿದುಳು ಇಲ್ಲಿ, ಬೆನ್ನುಹುರಿ ಇಲ್ಲಿ ಎಂದು ತೋರಿಸುವವಳು. ಅವಳ ಕಾಲು ಮುಟ್ಟಿ ನೋಡುವುದಕ್ಕೂ ನನಗೆ ಭಯವಾಯಿತು.

ಸಾವಿತ್ರಮ್ಮ ಬಾಗಿಲಲ್ಲೇ ಕಾದಿದ್ದರು. ಮಗಳನ್ನು ಒಳಗೆ ಮಲಗಿಸಿ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತರು.

"ನಮ್ಮಣ್ಣ ನರಸಿಂಹಪ್ಪನ್ನ ಕಂಡೋಳು ನಾನು ಡಾಕ್ಟ್ರೇ," ಎಂದರು. "ಚಿಕ್ಕವನಿದ್ದಾಗ ನಾಯಿ ಕಚ್ಚಿತ್ತು. ಆಗೆಲ್ಲ ಹೊಟ್ಟೆಗೆ ಸೂಜಿ. ನಾಯಿ ಹುಚ್ಚೇನೂ ಹಿಡೀಲಿಲ್ಲ, ಆ ಸೂಜಿ ಮುಗಿದ ಮೇಲೆ ಕಾಲೇ ಬಿದ್ದುಹೋಯ್ತು. ಕುರಿ ಮಿದುಳಿಂದ ಮಾಡ್ತಿದ್ದ ಔಷಧಿಯಂತೆ, ನೂರಾರು ಜನರಲ್ಲಿ ಒಬ್ಬರಿಗೆ ಹಂಗಾಗುತ್ತೆ ಅಂದ್ರು. ಇವಳು ಬೆನ್ನುಹುರಿ ಅಂತ ಮಾತೆತ್ತಿದ ದಿನದಿಂದ ನನಗೆ ಅವನ ಮುಖಾನೇ ಕಣ್ಮುಂದೆ."

"ಆ ಔಷಧಿ ಈಗ ಎಲ್ಲೂ ಕೊಡಲ್ಲ ತಾಯಿ."

"ಇವಳಿಗೆ ಚುಚ್ಚಿದ್ದು ಮಾತ್ರ ಅದೇ ಜಾತಿದಲ್ವಾ?"

ಯೋಗನರಸಿಂಹ ಬೇರೆ ಮಾತು ತೆಗೆದರು. "ಆಫೀಸಿನೋರು ಯಾರಾದ್ರೂ ಬಂದು ವಿಚಾರಿಸಿದ್ರಾ?"

"ಮುರಳಿಮೋಹನ್ ಅಂತ ಇದಾರಲ್ಲ, ಅವರೊಬ್ಬರೇ. ಬಹಳ ಒಳ್ಳೇ ಹುಡುಗ. ದಿನ ಬಿಟ್ಟು ದಿನ ಬರ್ತಾರೆ. ಕಾಫಿ ಮಾಡ್ತೀನಿ ಅಂದ್ರೆ ಬೇಡ, ಮಹತಿನೇ ಒಂದು ಲೋಟ ನೀರು ತಂದುಕೊಡ್ಲಿ ಸಾಕು ಅಂತಾರೆ." ಅಷ್ಟು ದುಗುಡದಲ್ಲೂ ಅವರ ಮುಖದಲ್ಲಿ ಒಂದು ಆಸೆ ಸುಳಿಯಿತು. "ಮನಸ್ಸಲ್ಲಿ ಏನಾದ್ರೂ ಇದೆಯೇನೋ ಅಂತ ನಾನೂ ಅಂದ್ಕೊಂಡೆ. ಇನ್ನೂ ಮದುವೆಯಾಗಿಲ್ಲವಂತೆ. ಮೊದಲನೇ ದಿನ, ಆಸ್ಪತ್ರೆಯಿಂದ ಇವಳನ್ನ ಬಿಡೋಕೆ ಬಂದಾಗಲೇ ಮನೆ ಮಂದಿ ಆರೋಗ್ಯ ಎಲ್ಲಾ ವಿಚಾರಿಸಿದ್ರು."

"ಏನಂತ?"

"ಮನೇಲಿ ಯಾರಿಗಾದ್ರೂ ಟೀಬಿ ಇತ್ತಾ ಅಮ್ಮ ಅಂತ ಕೇಳಿದ್ರು. ಇವರಪ್ಪಂಗೆ ಇತ್ತು, ಇವಳು ಆಗ ಚಿಕ್ಕೋಳು, ಅವರ ಪಕ್ಕದಲ್ಲೇ ಮಲಗ್ತಿದ್ಲು ಅಂದೆ. ಆಗ ಪಾಪ, ಅವರ ಮುಖ ಸಪ್ಪಗಾಯ್ತು."

ಯೋಗನರಸಿಂಹ ಕುರ್ಚಿಯಿಂದ ಎದ್ದುಬಿಟ್ಟರು. ನನಗೆ ಯಾಕೆಂದು ತಿಳಿಯಲಿಲ್ಲ. ಅಂಗಳಕ್ಕೆ ಹೋಗಿ ಯಾರಿಗೋ ಫೋನ್ ಮಾಡಿದರು. ಬಹಳ ಹೊತ್ತು ಮಾತಾಡಿದರು. ಒಳಗೆ ಬಂದವರೇ ಕಾರಿನ ಕೀ ಕೈಗೆತ್ತಿಕೊಂಡರು.

"ಸಾವಿತ್ರಮ್ಮ, ನಾಲ್ಕು ಬಟ್ಟೆ ಇಟ್ಕೊಳ್ಳಿ. ಮಹತಿನ ಈಗಲೇ ಬೆಂಗಳೂರಿಗೆ ಕರ್ಕೊಂಡು ಹೋಗಣ. ಕೈಯ ಆಪರೇಷನ್ ಮಾಡೋ ಸರ್ಜನ್ ಕಾಯ್ತಿದಾರೆ. ನರರೋಗದ ಡಾಕ್ಟರೂ ನೋಡ್ತಾರೆ."

"ಏನಾಗಿದೆ ಅವಳಿಗೆ?"

"ಕೈ ಉಳಿಸ್ಕೊಳ್ಳಬೇಕು. ಕಾಲಿನ ಮಾತು ಆಮೇಲೆ."

ಆಸ್ಪತ್ರೆಯಲ್ಲಿ ಸರ್ಜನ್‌ಗೆ ಅವರು ಹೇಳಿದ ಮಾತನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. "ಬರೀ ಎಣ್ಣೆ ಅಂತ ಬರೆದಿರೋದನ್ನ ಮರೆತುಬಿಡಿ. ಅದರಲ್ಲಿ ಸತ್ತ ಟೀಬಿ ರೋಗಾಣು ಇದೆ. ಈ ಹುಡುಗಿ ಚಿಕ್ಕವಳಿದ್ದಾಗ ಟೀಬಿ ರೋಗಿ ಜೊತೆ ಬೆಳೆದಿದಾಳೆ."

ಮೂರನೇ ದಿನ, ಇಲಿಗಳ ಪಕ್ಕೆ ನೋಡುವ ಹೊತ್ತಾಯಿತೆಂದು ಕಾಂಪೌಂಡರ್ ಹೇಳಿ ಕಳಿಸಿದ ಮೇಲೆ ನಾವು ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದೆವು. ಯೋಗನರಸಿಂಹ ಬೀಗ ತೆಗೆದು ಎಲ್ಲರನ್ನೂ ಒಳಗೆ ಕರೆದರು. ಗಣೇಶ್ ಪ್ರಸಾದ್, ಮುರಳಿಮೋಹನ್, ಬಾಗಿಲಲ್ಲಿ ಮುನಿಗಂಗಪ್ಪ.

ಮೊದಲು ಕೆಂಪು ಚೀಟಿಯ ಇಲಿ. ಬೋಳಿಸಿದ ಪಕ್ಕೆ ಕೆಂಪಗೆ ದಪ್ಪಗೆ ಊದಿತ್ತು. ಆಮೇಲೆ ಬಿಳಿ ಚೀಟಿಯದು — ಅಷ್ಟೇ ಊತ. ಕೊನೆಗೆ ಹಸಿರು ಚೀಟಿಯದು. ಚರ್ಮ ನುಣ್ಣಗಿತ್ತು. ಸೂಜಿ ಚುಚ್ಚಿದ ಗುರುತೂ ಮಾಸಿತ್ತು.

"ನಾನು ಹಾಕಿದ್ದು ಟ್ಯೂಬರ್‌ಕ್ಯುಲಿನ್," ಎಂದರು ಯೋಗನರಸಿಂಹ. "ಹಸೂಗೆ ಟೀಬಿ ಇದೆಯಾ ಅಂತ ನೋಡೋಕೆ ಹಾಕ್ತೀವಿ. ದೇಹ ಟೀಬಿ ರೋಗಾಣುವನ್ನ ಮೊದಲೇ ಕಂಡಿದ್ರೆ ಜಾಗ ಊದುತ್ತೆ. ಬಿಳಿ ಚೀಟಿ ಇಲಿಗಳು ಕಂಡಿವೆ. ಕಾಣಲೇಬೇಕಾಗಿದ್ದ ಹಸಿರು ಚೀಟಿಯವು ಕಂಡಿಲ್ಲ."

ಗಣೇಶ್ ಪ್ರಸಾದ್ ಮಾಸ್ಕು ಕೆಳಗೆಳೆದರು. "ಅಂದ್ರೆ ಇನ್ಫೆಕ್ಷನ್ ಅಲ್ವಾ?"

"ಅಲ್ಲ. ಯಾರಿಗೂ ಅಂಟೋದಲ್ಲ. ಮುನಿಗಂಗಪ್ಪ, ನೀನು ಮಗೂನ ಧೈರ್ಯವಾಗಿ ಎತ್ಕೊ. ಇಲಿಗಳೂ ಅದಲುಬದಲಾಗಿಲ್ಲ, ಕಿವಿ ಗುರುತು ಸರಿಯಾಗಿದೆ. ಅದಲುಬದಲಾದದ್ದು ಸಿರಿಂಜಿನ ಚೀಟಿ. ಹಸಿರಿಗೆ ಹೋಗಬೇಕಾದದ್ದು ಬಿಳಿಗೆ ಹೋಗಿದೆ. ಹಸಿರು ಇಲಿಗಳು ಔಷಧಿಯಿಂದ ಉಳೀಲಿಲ್ಲ. ಅವಕ್ಕೆ ರೋಗ ಬರಿಸೋ ಚುಚ್ಚುಮದ್ದೇ ಬಿದ್ದಿಲ್ಲ."

"ಕೈತಪ್ಪಿ ಆಗಿರಬಹುದಲ್ಲ?" ಮುರಳಿಮೋಹನ್ ಮೆಲ್ಲಗೆ ಕೇಳಿದರು. "ನಾನೇ ತುಂಬಿಸಿದ್ದು. ಗಡಿಬಿಡಿಯಲ್ಲಿ—"

"ಆಗಬಹುದಿತ್ತು. ಚಿಂತಾಮಣಿಗೆ ಹೋಗೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ. ಗಣೇಶ್ ಪ್ರಸಾದ್, ಮಹತಿಗೆ ಸೂಜಿ ಚುಚ್ಚಿದ ದಿನ, ಅವರ ಮನೇಲಿ ಯಾರಿಗಾದ್ರೂ ಟೀಬಿ ಇತ್ತಾ ಅಂತ ನೀವು ಕೇಳಿದ್ರಾ?"

"ಇಲ್ಲ. ಬಿಳಿ ಚೀಟಿ ಸಿರಿಂಜಲ್ಲಿ ಟೀಬಿ ಎಲ್ಲಿಂದ ಬಂತು?"

"ಅದೇ. ಎಲ್ಲಿಂದ ಬಂತು?" ಯೋಗನರಸಿಂಹ ತಿರುಗಿದರು. "ಮುರಳಿಮೋಹನ್, ಆಸ್ಪತ್ರೆಯಲ್ಲಿ ಡಾಕ್ಟರಿಗೆ ಬರೀ ಎಣ್ಣೆ ಅಂದ್ರಿ. ಅಲ್ಲಿಂದ ನೇರವಾಗಿ ಸಾವಿತ್ರಮ್ಮನ ಮನೆಗೆ ಹೋಗಿ ಟೀಬಿ ವಿಚಾರಿಸಿದ್ರಿ. ಒಂದೇ ಸಿರಿಂಜು, ಎರಡು ಮಾತು. ಟೀಬಿ ಕಂಡ ಮೈಗೆ ಆ ಮಿಶ್ರಣ ಬಿದ್ರೆ ಮಾಂಸವೇ ಕೊಳೆಯಬಹುದು. ಅದು ನಿಮಗೆ ಗೊತ್ತಿತ್ತು. ಆ ಸಿರಿಂಜಲ್ಲಿ ಏನಿದೆ ಅನ್ನೋದೂ ಗೊತ್ತಿತ್ತು. ಆಗಿನ್ನೂ ಒಂದು ಇಲಿಗೂ ರೋಗ ಬಂದಿರಲಿಲ್ಲ. ಚೀಟಿ ಬದಲಾಯಿಸಿದವನಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತಿರೋಕೆ ಸಾಧ್ಯ?"

ಯೋಗನರಸಿಂಹ ಬಿಳಿ ಚೀಟಿಯ ಬೋನುಗಳ ಕಡೆ ಕೈ ತೋರಿಸಿದರು.

"ಬಿಳಿ ಇಲಿಗಳನ್ನ ಬೇಗ ಮುಗಿಸೋಣ ಅಂತ ಸಮಿತಿ ಮುಂದೆ ಕೇಳಿದ್ದೂ ಇದಕ್ಕೇ. ಬಾಲ ಬೀಳೋ ಮೊದಲೇ ಅವು ಹೋಗಿಬಿಟ್ಟಿದ್ರೆ ಉಳಿಯೋದು ಕುಂಟೋ ಕೆಂಪು ಇಲಿ, ಓಡಾಡೋ ಹಸಿರು ಇಲಿ. ನಿಮ್ಮ ಔಷಧಿ ಗೆದ್ದಂಗೆ. ಗ್ಯಾಸ್ ತಡವಾಯ್ತು."

ಮುರಳಿಮೋಹನ್ ಸ್ಟೂಲಿನ ಮೇಲೆ ಕುಳಿತರು. "ಇದು ನನಗೆ ಕೊನೇ ಅವಕಾಶ ಅಂದಿದ್ರು. ಔಷಧಿ ಕೆಲಸ ಮಾಡುತ್ತೆ ಸರ್. ನನಗೆ ಗೊತ್ತು. ಸ್ವಲ್ಪ ಸಮಯ ಬೇಕಿತ್ತು ಅಷ್ಟೆ."

"ಮುಂದೆ ಅದನ್ನ ರೋಗಿಗಳಿಗೆ ಕೊಡ್ತಿದ್ರು," ಎಂದೆ. "ಅದಿರಲಿ. ಮಹತಿ ಬೆರಳು ಕೊಳೀತಿರೋವಾಗ ಡಾಕ್ಟರಿಗೆ ಒಂದು ಮಾತು ಹೇಳಬಹುದಿತ್ತಲ್ಲ? ಅವಳ ಮನೆಗೆ ಹೋಗ್ತಾನೇ ಇದ್ರಿ. ಯಾಕೆ ಹೋಗ್ತಿದ್ರಿ?"

ಅವರು ನೆಲ ನೋಡುತ್ತಾ ಹೇಳಿದರು.

"ನೀರು ತರೋಕೆ ಎದ್ದು ಹೋಗ್ತಾಳಲ್ಲ. ಕಾಲು ಹೇಗೆ ಇಡ್ತಾಳೆ ಅಂತ ನೋಡೋಕೆ."

ಮುನಿಗಂಗಪ್ಪ ಬಾಗಿಲು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಇಲಿ ಕಂಡು ಓಡಿಹೋದ ಆ ಮನುಷ್ಯ ಈಗ ಮುರಳಿಮೋಹನ್ ಅವರನ್ನು ನೋಡುತ್ತಿದ್ದ. ಗಣೇಶ್ ಪ್ರಸಾದ್ ಪೊಲೀಸರಿಗೆ ಫೋನ್ ಮಾಡಲು ಹೊರಗೆ ಹೋದರು.

ಮಹತಿಯ ಬೆರಳನ್ನು ಸರ್ಜನ್ ಎರಡು ಸಲ ಸೀಳಿ ತೊಳೆದರು. ತುದಿಯ ಗೆಣ್ಣು ಉಳಿಯಲಿಲ್ಲ, ಕೈ ಉಳಿಯಿತು. ಮಿದುಳಿನ ಚಿತ್ರ ತೆಗೆದರು, ಬೆನ್ನಿನಿಂದ ನೀರು ತೆಗೆದು ನೋಡಿದರು. ಏನೂ ಸಿಗಲಿಲ್ಲ. ಒಂದೇ ಒಂದು ಸಲ ಚುಚ್ಚಿದ್ದಕ್ಕೆ ಮನುಷ್ಯರಿಗೆ ಹಾಗಾಗುವುದು ಬಹುತೇಕ ಇಲ್ಲ ಎಂದರು ನರರೋಗದ ಡಾಕ್ಟರ್. ಆ "ಬಹುತೇಕ" ಎಂಬ ಮಾತನ್ನು ಹಿಡಿದುಕೊಂಡು ತಾಯಿ ಮಗಳು ಆ ಬೇಸಿಗೆಯನ್ನೆಲ್ಲ ಕಳೆದರು.

ಶಾಲೆ ಮತ್ತೆ ಶುರುವಾದ ಮೇಲೆ ಒಂದು ಭಾನುವಾರ ಚಿಂತಾಮಣಿಗೆ ಹೋದೆ. ಮಹತಿ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಮೊಂಡು ಬೆರಳನ್ನು ಪಕ್ಕಕ್ಕೆ ಎತ್ತಿ, ಉಳಿದವುಗಳಿಂದಲೇ ಚಕಚಕನೆ.

"ಈಗ ಭಯ ಕಡಿಮೆಯಾಯ್ತೇನೇ?"

"ಇರುತ್ತೆ ಮಿಸ್. ಬೆಳಗ್ಗೆ ಎಚ್ಚರ ಆದ ತಕ್ಷಣ ಹೊದಿಕೆ ಒಳಗೇ ಕಾಲಿನ ಬೆರಳು ಆಡಿಸಿ ನೋಡ್ಕೋತೀನಿ. ಒಂದು ಕಾಲು, ಆಮೇಲೆ ಇನ್ನೊಂದು. ಆಮೇಲೇ ಏಳೋದು. ಅಮ್ಮನಿಗೂ ಗೊತ್ತಿಲ್ಲ."

"ಇವತ್ತೂ ನೋಡ್ಕೊಂಡ್ಯಾ?"

ಅವಳ ಕೈ ನಿಂತಿತು. ತನ್ನ ಪಾದಗಳನ್ನು ಆಶ್ಚರ್ಯದಿಂದ ನೋಡಿಕೊಂಡಳು.

"ಇಲ್ಲ ಮಿಸ್," ಎಂದಳು. "ಹಾಲಿನವನು ಕೂಗಿದ. ಹಾಗೇ ಎದ್ದು ಹೋಗಿಬಿಟ್ಟೆ."